ಸೋಮವಾರದ ಮಾತ್ರೆ

ತಾಂಡೂರು
18 ಏಪ್ರಿಲ್ 2024

ಪ್ರೇಮಲಾ ಅಕ್ಕನವರಿಗೆ,
ಶರಣು.

ನಾನು ಮಂಗಲಾ. ಹೆಸರು ನೋಡಿದೊಡನೆ ಕಾಗದ ಹರಿಯಬೇಕು ಅನ್ನಿಸಿದರೆ ಹರಿಯಿರಿ, ಆದರೆ ಓದಿ ಹರಿಯಿರಿ. ನೀವು ಬಿಟ್ಟು ಹೋದ ಮನೆಗೆ, ನಿಮ್ಮನ್ನು ಬಿಟ್ಟ ಗಂಡನಿಗೆ ಎರಡನೆಯವಳಾಗಿ ಬಂದವಳು ನಾನು. ಈ ಮನೆಯ ಎಲ್ಲ ಫೋನುಗಳಲ್ಲೂ ನಿಮ್ಮ ನಂಬರು ಬ್ಲಾಕ್ ಆಗಿದೆ. ನನ್ನ ಫೋನನ್ನು ಇವರು ದಿನಾ ಸಂಜೆ ತಿರುವಿ ನೋಡುತ್ತಾರೆ. ಅದಕ್ಕೇ ಕಾಗದ. ನಿಮ್ಮ ವಿಳಾಸ ಕೊಟ್ಟವಳು ಪಕ್ಕದ ಮನೆಯ ಮಾಣಿಕಮ್ಮ. ಉತ್ತರ ಬರೆದರೆ ಅವಳ ಹೆಸರಿಗೇ ಹಾಕಿರಿ.

ಹೇಗೆ ಕೇಳಬೇಕೋ ತಿಳಿಯದು, ನೇರವಾಗಿಯೇ ಕೇಳುತ್ತೇನೆ. ಒಂದು ವರ್ಷದಿಂದ ಮಕ್ಕಳಾಗದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಗನಿಗೆ ಎರಡು ತುಂಬಿತು, ಇನ್ನೊಂದು ಈಗ ಬೇಡ ಎಂದು ಇವರೇ ತಂದು ಕೊಡುತ್ತಾರೆ. ಈ ಸಂಕ್ರಾಂತಿ ಕಳೆದ ಮೇಲಿಂದ ಇವರು ನನ್ನೊಡನೆ ಕೂಡಿದಾಗ ರಕ್ತ ಬರುತ್ತಿದೆ. ಮುಟ್ಟಿನ ದಿನವಲ್ಲ. ನೋವೂ ಇಲ್ಲ. ಮೊದಲು ಸೀರೆಗೊಂದು ಕಲೆ ಇರುತ್ತಿತ್ತು, ಈಗ ಹಾಸಿಗೆಗೂ ಆಗುತ್ತಿದೆ. ಮೊದಲ ಸಲ ಕಂಡಾಗ ಇವರು ಹೌಹಾರಿ ಎದ್ದು ಹೋಗಿ ತಾಯಿಗೆ ಹೇಳಿದರು. ನಿನಗೇನಾಗಿದೆ ಎಂದು ನನ್ನನ್ನು ಕೇಳಲಿಲ್ಲ.

ಅತ್ತೆ ಶಾಂತಾಬಾಯಿಯವರು ಹೇಳಿದ ಮಾತು ಹಾಗೇ ಬರೆಯುತ್ತೇನೆ. “ಆಕಿಗೂ ಹಿಂಗೇ ಆಗಿತ್ತು. ಗರ್ಭಚೀಲ ಕೆಟ್ಟದ. ಗಂಡು ಹುಟ್ಯಾನಲ್ಲ, ಇನ್ನ ಅದರ ಕೆಲಸ ಏನದ? ತೆಗಿಸಿ ಒಗದ್ರ ಜೀವ ಉಳೀತದ.” ಆಕಿ ಅಂದರೆ ನೀವು. ಓಣಿಯಲ್ಲಿ ಸೂಜಿ ಚುಚ್ಚುವ ತುಳಸಿರಾಮ ಬಂದ. ನನ್ನ ನಾಡಿಯನ್ನೂ ಹಿಡಿಯಲಿಲ್ಲ. “ಕ್ಯಾನ್ಸರ್ ಆಗೋದರಾಗ ತೆಗಸ್ರಿ” ಎಂದವನೇ, ನಿಮ್ಮನ್ನು ಕರೆದುಕೊಂಡು ಹೋಗಿದ್ದ ಅದೇ ನರ್ಸಿಂಗ್ ಹೋಮಿನ ಹೆಸರು ಹೇಳಿದ. ಶ್ರಾವಣ ಮುಗಿದ ಕೂಡಲೇ ಕರೆದೊಯ್ಯುತ್ತಾರೆ.

ನನಗೆ ಇಪ್ಪತ್ತಾರು. ನಿಮಗೂ ಹೀಗೇ ಇತ್ತೇ? ಒಳಗೆ ರೋಗ ಸಿಕ್ಕಿತೇ? ನಿಜ ಹೇಳಿರಿ, ಅಷ್ಟು ಸಾಕು.

ಇಂತಿ,
ಮಂಗಲಾ

*

ಜಹೀರಾಬಾದ್
2 ಮೇ 2024

ಮಂಗಲಾ,

ಓದಿ ಹರಿದೆ, ನೀನು ಹೇಳಿದ ಹಾಗೇ.

ಓದುವಾಗ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ. ನನ್ನ ಹೊಲಿಗೆ ಒಣಗಿ ವರ್ಷ ತುಂಬುವುದರೊಳಗೆ ನಾರಾಯಣಖೇಡಿನಿಂದ ನಿಮ್ಮಪ್ಪ ಮನ್ಮಥಪ್ಪ ಇವರ ಬೇಳೆ ಗಿರಣಿಗೆ ತೊಗರಿ ಚೀಲಗಳ ಜೊತೆ ನಿನ್ನ ಫೋಟೋವನ್ನೂ ಕಳಿಸಿದ. ಹಿರಿಯರು ಕೂತರು. ಇವಳು ಇನ್ನು ಗಂಡು ಹೆರಲಾರಳು ಎಂದು ಮದುವೆ ಮುರಿದು ಸೋಡಚೀಟಿ ಬರೆಸಿಕೊಂಡರು. ಹೆರಲಾರದ ಹಾಗೆ ಮಾಡಿಸಿದವರು ಯಾರು ಎಂದು ಒಬ್ಬ ಹಿರಿಯನೂ ಬಾಯಿ ಬಿಡಲಿಲ್ಲ. ನಾನು ಮಗಳ ಕೈ ಹಿಡಿದು ಮೆಟ್ಟಿಲು ಇಳಿದಾಗ ಶಾಂತಾಬಾಯಿ ಹಿಂದೆಯೇ ನೀರು ಹಾಕಿ ಮೆಟ್ಟಿಲು ತೊಳೆದಳು. ರೋಗ ಅಂಟೀತು ಎಂದು.

ಅಮರನಾಥನ ಹೆಸರನ್ನು ನಾನೀಗ ಹಿಡಿದೇ ಹೇಳುತ್ತೇನೆ. ನೀನು ಇನ್ನೂ ‘ಇವರು’ ಅನ್ನುತ್ತಿದ್ದೀಯ. ಲಿಂಗ ಕಟ್ಟಿದವರಿಗೆ ಮುಟ್ಟಿನ ಸೂತಕವಿಲ್ಲ, ಶರಣರು ಅದನ್ನೆಲ್ಲ ಎಂದೋ ಕಿತ್ತೊಗೆದರು ಎಂದು ಅವನು ಕಟ್ಟೆಯ ಮೇಲೆ ಕೂತು ಭಾಷಣ ಮಾಡುತ್ತಾನಲ್ಲ? ಹಾಸಿಗೆಯ ಮೇಲೆ ನಾಲ್ಕು ಹನಿ ಕಂಡರೆ ಅದೇ ಶರಣ ತಾಯಿಯ ಸೆರಗಿನ ಹಿಂದೆ ಅಡಗುತ್ತಾನೆ. ನನ್ನ ಕಾಲದಲ್ಲೂ ಅಷ್ಟೇ.

ಹೋಗು, ತೆಗೆಸಿಕೋ. ನನ್ನ ಗರ್ಭಚೀಲದ ಜೊತೆ ಅಂಡಾಶಯಗಳನ್ನೂ ತೆಗೆದರು, ಹೇಳಲೂ ಇಲ್ಲ. ಮೂವತ್ತು ತುಂಬುವ ಮೊದಲೇ ಮೈ ಹೇಗೆ ಹಂಚಿನ ಹಾಗೆ ಕಾಯುತ್ತದೆ, ಮಂಡಿಗಳು ಹೇಗೆ ಹಿಡಿಯುತ್ತವೆ ನಿನಗೂ ತಿಳಿಯಲಿ. ಆಮೇಲೆ ಇನ್ನೊಬ್ಬಳ ಫೋಟೋ ಬರುತ್ತದೆ. ಅವಳು ನಿನಗೆ ಕಾಗದ ಬರೆಯುತ್ತಾಳೆ.

ಕೇಳಿದ್ದಕ್ಕೆ ಉತ್ತರ: ಹೌದು, ಹೀಗೇ ಇತ್ತು. ಒಳಗೆ ರೋಗವಿತ್ತೋ ಇಲ್ಲವೋ ಯಾರೂ ತೋರಿಸಲಿಲ್ಲ.

ಮತ್ತೆ ಬರೆಯಬೇಡ.

ಪ್ರೇಮಲಾ

*

ತಾಂಡೂರು
13 ಮೇ 2024, ಸೋಮವಾರ

ಅಕ್ಕನವರಿಗೆ ಶರಣು.

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ. ನಿಮ್ಮ ಶಾಪ ತಲುಪಿತು. ನನಗೂ ಸಿಟ್ಟು ಬಂತು. ನಿಮ್ಮ ಸಂಸಾರ ಕಸಿಯಲು ನಾನೇನು ಗೋಡೆ ಹಾರಿ ಬರಲಿಲ್ಲ. ಮೊದಲನೆಯವಳಿಗೆ ಕ್ಯಾನ್ಸರ್, ಬದುಕುವುದಿಲ್ಲ, ತಾನೇ ಬೇಡವೆಂದು ತವರಿಗೆ ಹೋದಳು ಎಂದು ನನಗೆ ಹೇಳಿದ್ದರು. ನಿಮ್ಮ ಕಾಗದ ಓದಿದ ಮೇಲೆ ಯೋಚಿಸಿದೆ: ಕ್ಯಾನ್ಸರ್ ಆದವಳು ಆರು ವರ್ಷವಾದ ಮೇಲೂ ಇಷ್ಟು ಗಟ್ಟಿಯಾಗಿ ಬಯ್ಯುತ್ತಾಳೆಯೇ? ಅವತ್ತಿನಿಂದ ನನಗೆ ಅತ್ತೆಯ ಯಾವ ಮಾತಿನ ಮೇಲೂ ನಂಬಿಕೆಯಿಲ್ಲ.

ಆದರೆ ಹೆದರಿಕೆಯಿದೆ. ಒಂದು ವೇಳೆ ನಿಜವೇ ಇದ್ದರೆ? ಮಗನನ್ನು ಎತ್ತಿಕೊಂಡಾಗಲೆಲ್ಲ ಅದೇ ಯೋಚನೆ.

ಹೆಚ್ಚು ಬರೆಯಲಾರೆ. ಇವತ್ತು ಸೋಮವಾರ. ಬೆಳಗಿನಿಂದ ನಾಳೆ ಪೂಜೆಯಾಗುವವರೆಗೆ ಹನಿ ನೀರಿಲ್ಲ, ಮಾತ್ರೆ ಕೂಡ ಬಾಯಿಗೆ ಹಾಕುವ ಹಾಗಿಲ್ಲ, ಉಪವಾಸ ಮುರಿಯುತ್ತದೆ. ಬೇಳೆ ಗಿರಣಿಗೆ ಎರಡನೇ ಯಂತ್ರ ಬರಲಿ ಎಂದು ಇವರು ಸಂಕ್ರಾಂತಿಯಿಂದ ಶ್ರಾವಣದ ಕೊನೆಯ ಸೋಮವಾರದವರೆಗೆ ಹರಕೆ ಹೊತ್ತಿದ್ದಾರೆ. ಹರಕೆ ಅವರದು, ಉಪವಾಸ ನನ್ನದು. ಅವರಿಗೆ ಅಸಿಡಿಟಿಯಂತೆ. ಮೊದಲನೇ ಯಂತ್ರಕ್ಕೆ ನಿಮ್ಮಿಂದಲೂ ಹೀಗೇ ಮಾಡಿಸಿದ್ದರೆಂದು ಮಾಣಿಕಮ್ಮ ಹೇಳಿದಳು. ಮಂಗಳವಾರ ಪೂಜೆ ಮುಗಿದು ಊಟವಾದ ಮೇಲೆ ಇವರಿಗೆ ನನ್ನ ನೆನಪಾಗುತ್ತದೆ. ರಕ್ತ ಬರುವುದೂ ಆವತ್ತೇ.

ಬಯ್ಯಲಿಕ್ಕಾದರೂ ಬರೆಯಿರಿ.

ಮಂಗಲಾ

*

ಜಹೀರಾಬಾದ್
9 ಜೂನ್ 2024

ಮಂಗಲಾ,

ನಿನ್ನ ಕಾಗದವನ್ನು ಮಡಚಿ ಅಕ್ಕಿ ಡಬ್ಬಿಯ ಕೆಳಗೆ ಹಾಕಿ ಸುಮ್ಮನಿದ್ದೆ. ಉತ್ತರ ಬರೆಯಬಾರದೆಂದೇ ಇದ್ದೆ.

ನಾನು ಪಸ್ತಾಪುರದಲ್ಲಿ ಹೆಂಗಸರ ಸಂಘದಲ್ಲಿ ಬೀಜ ಹಸನು ಮಾಡುವ ಕೆಲಸಕ್ಕೆ ಹೋಗುತ್ತೇನೆ. ಹೋದ ವಾರ ಮೈ ಕಾವು ತಡೆಯದೆ ಸಜ್ಜೆಯ ರಾಶಿಯ ಪಕ್ಕದಲ್ಲೇ ಕುಸಿದು ಕೂತೆ. ಜೊತೆಗಿದ್ದ ಶಂಕರಮ್ಮ ಬೈದು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿ, ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ ತೆಗೆಸಿದೆ ಎಂದು ಕೇಳಿದಳು. ಗಂಡನ ಜೊತೆ ಕೂಡಿದ ಮೇಲೆ ರಕ್ತ ಬರುತ್ತಿತ್ತು ಎಂದೆ. ಆಗ ಮಾತ್ರೆ ತೆಗೆದುಕೊಳ್ಳುತ್ತಿದ್ದೆಯಾ ಎಂದಳು.

“ಹೂಂನ್ರಿ, ತಗೊಂತಿದ್ದೆ. ಮಗಳು ಇನ್ನಾ ಸಣ್ಣಾಕಿ ಇದ್ಲು.”

“ದಿನಾ ತಪ್ಪದಂಗ?”

“ದಿನಾ ರಿ. ಸೋಮಾರ ಒಂದು ಬಿಟ್ಟು.”

“ಸೋಮಾರ ಯಾಕ ಬಿಟ್ಟಿ?”

“ಉಪಾಸ ಇರ್ತಿತ್ರಿ. ಹರಕಿದು.”

“ಯಾರ ಹರಕಿ?”

“ಮನಿಯವರದು.”

ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಬಿಡಿಸಿ ಹೇಳಿದಳು. ಆ ಮಾತ್ರೆಯನ್ನು ಒಂದು ದಿನವೂ ಬಿಡಬಾರದಂತೆ. ವಾರಕ್ಕೊಂದು ಸಲ ಬಿಡುತ್ತ ಹೋದರೆ ಒಳಗಿನ ಪದರು ನಿಲ್ಲದೆ ಆಗಾಗ ಉದುರುತ್ತದಂತೆ. ಆ ಮಾತ್ರೆಯಿಂದ ಕೆಲವರಿಗೆ ಗರ್ಭದ ಬಾಯಿಯೂ ಮೆತ್ತಗಾಗಿರುತ್ತದೆ, ತಾಗಿದರೆ ರಕ್ತ ಬರುತ್ತದೆ. ಹೆದರುವಂಥ ಬೇರೆ ಕಾರಣಗಳೂ ಇರಬಹುದು, ಅದಕ್ಕೇ ಯಾರಿಗೇ ಬಂದರೂ ಒಳಗೆ ನೋಡಬೇಕು, ಗರ್ಭದ ಬಾಯಿಯಿಂದ ಸ್ವಲ್ಪ ಒರೆಸಿ ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದಳು. “ನಿನಗ ಅದೆಲ್ಲ ಮಾಡಿದ್ರೇನು?” ಎಂದು ಕೇಳಿದಳು. ಯಾರೂ ಮಾಡಿರಲಿಲ್ಲ. ತುಳಸಿರಾಮ ಹೇಳಿದ, ಅವರು ಕೊಯ್ದರು.

ದಿನಾ ಮಾತ್ರೆ ನುಂಗಿದ್ದರೆ ನಿಂತು ಹೋಗುತ್ತಿತ್ತೇನೋ ಮಂಗಲಾ. ನಾನು ಆರು ವರ್ಷ ನನ್ನ ಮೈಯನ್ನೇ ಬಯ್ದುಕೊಂಡೆ. ಕೆಟ್ಟ ಮೈ, ರೋಗದ ಮೈ ಎಂದು ಕನ್ನಡಿ ನೋಡುವುದನ್ನೂ ಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಅವನಿಗೆ ಯಂತ್ರ ಬೇಕಿತ್ತು, ನನ್ನನ್ನು ಕೊಯ್ದರು. ಬಸ್ಸಿನಲ್ಲಿ ಬರುವಾಗ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ತಾಂಡೂರಿಗೇ ಹೋಗಿ ಅವರ ಮನೆಯ ಮುಂದೆ ಇಳಿದು ಶಾಂತಾಬಾಯಿಯ ಜುಟ್ಟು ಹಿಡಿಯಬೇಕು ಅನ್ನಿಸಿತು.

ನಿನ್ನ ಮೇಲೆ ಮರುಕ ಬಂದು ಬರೆಯುತ್ತಿಲ್ಲ. ಅವರಿಗೆ ಎರಡನೇ ಗರ್ಭಚೀಲ ಸಿಗಬಾರದು, ಅದಕ್ಕೆ ಬರೆಯುತ್ತಿದ್ದೇನೆ. ಇವತ್ತಿನಿಂದ ಸೋಮವಾರವೂ ಮಾತ್ರೆ ನುಂಗು, ನೀರು ಕುಡಿ, ಕದ್ದಾದರೂ ಊಟ ಮಾಡು. ಆದರೆ ನನ್ನದೇ ನಿನ್ನದು ಎಂದುಕೊಂಡು ಸುಮ್ಮನೆ ಕೂರಬೇಡ. ಇಲ್ಲಿಗೆ ಬಾ, ಡಾಕ್ಟರಮ್ಮ ನೋಡಲಿ. ಅದಾಗುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಪ್ರೇಮಲಾ

*

ನಾರಾಯಣಖೇಡ್
21 ಜೂನ್ 2024

ಅಕ್ಕನವರಿಗೆ,

ಕೂಸಿನ ಜವಳ ತೆಗೆಸುವ ನೆಪ ಹೇಳಿ ತವರಿಗೆ ಬಂದಿದ್ದೇನೆ. ಅಪ್ಪನಿಗೆ ವಿಷಯ ಹೇಳಿದೆ. “ಬೀಗರ ಜೊತಿ ವ್ಯವಹಾರ ಅದವ್ವಾ. ಅವರು ಹೇಳಿದಂಗ ಕೇಳು. ಆಕಿ ಹತ್ರ ಹೋದ್ರ ನಿನಗ ಏನರ ಮಾಟ ಮಾಡ್ತಾಳ” ಎಂದರು. ತೊಗರಿ ಖರೀದಿಯ ಮುಂದೆ ಮಗಳು ಹಗುರ ಎಂದು ಗೊತ್ತಾಯಿತು. ಅಪ್ಪನ ಜೊತೆ ಮಾತು ಬಿಟ್ಟಿದ್ದೇನೆ.

ಮಂಗಳವಾರ ಮೊದಲ ಬಸ್ಸಿಗೆ ಬರುತ್ತೇನೆ. ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ನನ್ನ ಮುಖ ಹುಡುಕಬೇಡಿ, ಕೈ ನೋಡಿರಿ. ನಿಮ್ಮ ಬಂಗಾರದ ಪಾಟ್ಲಿಗಳು ನನ್ನ ಕೈಯಲ್ಲಿವೆ. ನನ್ನ ಮದುವೆಯ ದಿನ ಅತ್ತೆ ಹಾಕಿದ್ದರು.

ಮಂಗಲಾ

*

ಜಹೀರಾಬಾದ್
28 ಜುಲೈ 2024

ಮಂಗಲಾ,

ನಿನ್ನ ರಿಪೋರ್ಟು ಬಂತು. ಏನೂ ಇಲ್ಲ. ಕ್ಯಾನ್ಸರೂ ಇಲ್ಲ, ಅದರ ಸುಳಿವೂ ಇಲ್ಲ. ಅವತ್ತು ನೋಡಿದಾಗ, ಸೋಮವಾರ ಮಾತ್ರೆ ಬಿಟ್ಟದ್ದಕ್ಕೇ ಇದು ಎಂದು ಡಾಕ್ಟರಮ್ಮ ಹೇಳಿದ್ದೇ ನಿಜವಾಯಿತು. ಮಾತ್ರೆ ದಿನಾ ತೆಗೆದುಕೋ, ಮತ್ತೆ ರಕ್ತ ಕಂಡರೆ ಮಾತ್ರ ತಡಮಾಡದೆ ಬಾ ಎಂದಿದ್ದಾಳೆ. ಕಾಗದ ಇದರ ಜೊತೆಗಿದೆ. ಜೋಪಾನ.

ನೀನು ಪಾಟ್ಲಿ ಬಿಚ್ಚಿ ನನ್ನ ಮುಂದೆ ಇಟ್ಟೆ, ನಾನು ಮುಟ್ಟಲಿಲ್ಲ. ನನಗೆ ಬಂಗಾರ ಬೇಡ. ನನಗೆ ಬೇಕಾದದ್ದು ಏನು ಎಂದು ನಿನ್ನೆ ಹೊಳೆಯಿತು.

ಆ ಮನೆಯ ಪದ್ಧತಿ ನಿನಗೂ ಗೊತ್ತು. ಹರಕೆ ಮುಗಿದ ದಿನ ಪೂಜೆ ಮಾಡಿಸುವ ಜಂಗಮ ಅಯ್ಯನವರ ಮುಂದೆ, ಉಪವಾಸ ಇದ್ದವರು ಹರಕೆ ಹೊತ್ತವನ ಕೈಯಲ್ಲಿ ವೀಳ್ಯದೆಲೆ ಇಟ್ಟು “ಇದರ ಫಲ ನಿಮಗ ಕೊಟ್ಟೆ” ಅನ್ನಬೇಕು. ಅನ್ನದಿದ್ದರೆ ಫಲ ಉಪವಾಸ ಇದ್ದವರದೇ. ನನ್ನ ಹರಕೆ ಮುಗಿದ ದಿನ ನಾನು ನರ್ಸಿಂಗ್ ಹೋಮಿನಲ್ಲಿ ಮಲಗಿದ್ದೆ. ಆ ಮಾತು ನಾನು ಆಡಲೇ ಇಲ್ಲ. ಯಂತ್ರ ಬಂತು, ಅವರು ಮರೆತರು. ನಾನೂ ಮರೆತಿದ್ದೆ.

ಅಮರನಾಥ ಹೆಂಡತಿಗೆ ಹೆದರುವವನಲ್ಲ, ಪೊಲೀಸರಿಗೂ ಹೆದರುವವನಲ್ಲ, ಹರಕೆಗೆ ಹೆದರುತ್ತಾನೆ. ಹೆದರುವ ಕಡೆಯೇ ಹೊಡೆಯಬೇಕು. ಶ್ರಾವಣದ ಕೊನೆಯ ಸೋಮವಾರ ನಿನ್ನ ಮುಂದೆ ಅವನು ಕೈ ಚಾಚುತ್ತಾನೆ. ಬಂಧುಬಳಗವೆಲ್ಲ ಕೂತಿರುತ್ತದೆ. ಏನು ಹೇಳಬೇಕೋ ನಿನಗೆ ಬಿಟ್ಟದ್ದು. ಹೇಳದೆ ಸುಮ್ಮನಾದರೆ ಮಂಗಳವಾರ ನಿನ್ನನ್ನು ಗಾಡಿ ಹತ್ತಿಸುತ್ತಾರೆ.

ಪ್ರೇಮಲಾ

*

ತಾಂಡೂರು
5 ಸೆಪ್ಟೆಂಬರ್ 2024

ಅಕ್ಕಾ,

ಹೇಳಿದೆ.

ಪಡಸಾಲೆ ತುಂಬ ಜನ. ಒಲೆಯ ಮೇಲೆ ಗೋಧಿ ಹುಗ್ಗಿ. ಗಿರಣಿಯ ಗುಮಾಸ್ತರು, ಪೆದ್ದೆಮುಲ್‌ನಿಂದ ಅತ್ತೆಯ ತವರಿನವರು, ಓಣಿಯ ಹೆಂಗಸರು, ಮೂಲೆಯಲ್ಲಿ ತುಳಸಿರಾಮ ಕೂಡ. ಇವರು ವಿಭೂತಿ ಧರಿಸಿ ಮಣೆಯ ಮೇಲೆ ಕೂತು ಎರಡೂ ಕೈ ಚಾಚಿದರು. ಅತ್ತೆ ನನ್ನ ಕೈಗೆ ವೀಳ್ಯದೆಲೆ ಕೊಟ್ಟರು. ನಾನು ಎಲೆಯನ್ನು ನೆಲದ ಮೇಲಿಟ್ಟೆ.

“ಅನ್ನು, ಮಂಗಲಾ” ಎಂದರು ಇವರು.

“ಏನು ಅನ್ನಲಿರಿ? ಕೊಡಾಕ ನನ್ನ ಹತ್ರ ಏನೂ ಇಲ್ಲ. ಜೂನಿನಿಂದ ನಾ ಒಂದು ಸೋಮಾರನೂ ಉಪಾಸ ಇಲ್ಲ. ರೊಟ್ಟಿ ತಿಂದೀನಿ, ನೀರು ಕುಡದೀನಿ, ಮಾತ್ರಿ ನುಂಗೀನಿ. ಮಾತ್ರಿ ತಪ್ಪದಂಗ ನುಂಗಿದ ಮ್ಯಾಲೆ ರಕ್ತ ನಿಂತದ.”

“ಹುಚ್ಚಿ, ಮಂದಿ ಮುಂದ ಅದೇನು ಮಾತು, ಬಾಯಿ ಮುಚ್ಚು” ಎಂದು ಅತ್ತೆ ನನ್ನ ತೋಳು ಹಿಡಿದರು.

“ಮುಚ್ಚಾಂಗಿಲ್ಲ ಅತ್ತಿ. ಬಾಯಿ ಮುಚ್ಚಿದ್ದಕ್ಕೇ ಪ್ರೇಮಲಾ ಅಕ್ಕಾರ ಗರ್ಭಚೀಲ ಹೋತು. ನಾಳೆ ನಂದೂ ತೆಗಸಾಕ ಗಾಡಿ ಹೇಳೀರಿ. ನೋಡ್ರಿ, ನನ್ನ ರಿಪೋರ್ಟ್, ನನಗ ಯಾವ ರೋಗನೂ ಇಲ್ಲ. ಅಕ್ಕಾರಿಗಿ ರೋಗ ಇತ್ತಂತ ಒಂದು ಕಾಗದ ತೋರಸ್ರಿ, ನಾನೇ ಹೋಗಿ ಮಲಗ್ತೀನಿ.”

ಎಲ್ಲರೂ ತುಳಸಿರಾಮನ ಕಡೆ ನೋಡಿದರು. ಅವನು ಚಪ್ಪಲಿ ಹುಡುಕುತ್ತಿದ್ದ. ಕಾಗದ ಯಾರ ಹತ್ತಿರವೂ ಇರಲಿಲ್ಲ.

ಅಯ್ಯನವರು ಇವರ ಕಡೆ ತಿರುಗಿ, “ತಾ ಮಾಡೋದು ಉತ್ತಮ, ಆಳು ಮಾಡೋದು ಹಾಳು ಅಂತಾರ. ಹರಕಿ ನೀ ಹೊತ್ತು ಹೆಣ್ಮಗಳ ಹೊಟ್ಟಿ ಕಟ್ಟಿದ್ದೀ. ಮೊದಲಿನ ಹರಕಿ ಯಾರು ಒಪ್ಪಿಸ್ಯಾರ?” ಎಂದು ಕೇಳಿದರು. ಇವರು ಅತ್ತೆಯ ಮುಖ ನೋಡಿದರು. “ಆಕಿ ಅವತ್ತ ದವಾಖಾನ್ಯಾಗ ಇದ್ದಳ್ರಿ” ಎಂದರು ಅತ್ತೆ. “ಹಂಗಾರ ಅದರ ಫಲ ಇನ್ನೂ ಆಕಿದೇ. ಆಕಿ ಉಪಾಸದ ಮ್ಯಾಲೆ ಗಿರಣಿ ನಡಸೀರಿ” ಎಂದು ಅಯ್ಯನವರು ಜೋಳಿಗೆ ಹೆಗಲಿಗೆ ಹಾಕಿ ಎದ್ದರು. ಪ್ರಸಾದ ಮುಟ್ಟಲಿಲ್ಲ. ಜಂಗಮರು ಉಣ್ಣದೆ ಎದ್ದ ಮನೆಯಲ್ಲಿ ಉಳಿದವರು ಹೇಗೆ ಉಂಡಾರು? ಒಬ್ಬೊಬ್ಬರಾಗಿ ಹೊರಟರು. ಹುಗ್ಗಿ ಹಂಡೆಯಲ್ಲೇ ತಣ್ಣಗಾಯಿತು. ನಾನು ಒಂದು ತಟ್ಟೆ ಬಡಿಸಿಕೊಂಡು ತುಪ್ಪ ಹಾಕಿಕೊಂಡು ಉಂಡೆ. ಇಷ್ಟು ರುಚಿಯಾದ ಹುಗ್ಗಿ ನಾನು ತಿಂದಿರಲಿಲ್ಲ.

ಮಂಗಳವಾರ ಗಾಡಿ ಬರಲಿಲ್ಲ. ಹರಕೆಯನ್ನು ಇವರು ತಾವೇ ಮೊದಲಿನಿಂದ ಹಿಡಿಯಬೇಕಂತೆ. ಓಣಿಯ ಇಬ್ಬರು ಹೆಂಗಸರು ತುಳಸಿರಾಮನ ಬಾಗಿಲಿಗೆ ಹೋಗಿ ತಮ್ಮ ಆಪರೇಷನ್ನಿನ ಕಾಗದ ಕೇಳುತ್ತಿದ್ದಾರೆ. ಅವನು ಮಗಳ ಊರಿಗೆ ಹೋಗಿದ್ದಾನೆ ಎಂದು ಅವನ ಹೆಂಡತಿ ಹೇಳುತ್ತಾಳೆ. ನಾನು ಈ ಮನೆ ಬಿಟ್ಟು ಹೋಗುವುದಿಲ್ಲ. ಬಿಟ್ಟರೆ ಅವರಿಗೆ ಆರಾಮಾಗುತ್ತದೆ. ದಿನಾ ಬೆಳಿಗ್ಗೆ ಅತ್ತೆಯ ಎದುರಿಗೇ ಮಾತ್ರೆ ನುಂಗುತ್ತೇನೆ.

ಇವರು ನಿಮ್ಮ ಬಳಿಗೆ ಬರುವ ಲಕ್ಷಣ ಕಾಣುತ್ತಿದೆ. ಅವತ್ತು ದವಾಖಾನೆಯ ಮಂಚದ ಮೇಲೆ ನೀವು ನನ್ನ ಕೈ ಹಿಡಿದಿದ್ದರ ಬಗ್ಗೆ ನೀವೂ ಬರೆದಿಲ್ಲ, ನಾನೂ ಬರೆಯುವುದಿಲ್ಲ.

ನಿಮ್ಮ,
ಮಂಗಲಾ

*

ಜಹೀರಾಬಾದ್
20 ಅಕ್ಟೋಬರ್ 2024

ಅಮರನಾಥ,

ನೀನು ತೆಲುಗು ಶಾಲೆಯಲ್ಲಿ ಕಲಿತವನು, ನಿನಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇದನ್ನು ಮಂಗಲಾ ಓದುತ್ತಾಳೆ. ಮಂಗಲಾ, ಗಟ್ಟಿಯಾಗಿ ಓದು, ಒಳಗೆ ಶಾಂತಾಬಾಯಿಗೂ ಕೇಳಲಿ.

ನಿನ್ನೆ ನೀನು ಪಸ್ತಾಪುರದ ಸಂಘದ ಬಾಗಿಲಲ್ಲಿ ವೀಳ್ಯದೆಲೆ ಹಿಡಿದು ನಿಂತಿದ್ದೆ. ಸೊರಗಿದ್ದೀಯ. ಸೋಮವಾರಗಳು ಹೇಗಿರುತ್ತವೆ ಎಂದು ನಿನಗೂ ಈಗ ತಿಳಿದಿರಬೇಕು. “ಮೊನ್ನೆ ತಂದ ಹೊಸ ಯಂತ್ರ ನಿಂತು ಹೋಗ್ಯಾದ, ಪ್ರೇಮಲಾ. ಹಳೇದೂ ಸರಿಯಾಗಿ ನಡೀವಲ್ದು. ನಿನಗ ರೋಗ ಇರಲಿಲ್ಲ, ಕಬೂಲ್. ನಮ್ಮಿಂದ ತಪ್ಪಾತು. ಆಗಿದ್ದು ಆಗಿ ಹೋತು, ಒಂದು ಮಾತು ಅಂದುಬಿಡು” ಎಂದೆ. ನನ್ನೊಬ್ಬಳಿಗೆ ಕೇಳುವಷ್ಟು ಸಣ್ಣ ದನಿಯಲ್ಲಿ ಅಂದೆ. ಒಳಗೆ ಬೀಜ ಕೇರುತ್ತಿದ್ದ ಹೆಂಗಸರು ಮೊರ ನಿಲ್ಲಿಸಿದ್ದು ನಿನಗೆ ಗೊತ್ತಾಗಲಿಲ್ಲ. ಎಲ್ಲರಿಗೂ ಕೇಳಿಸಿತು.

ಯಂತ್ರ ನಿಂತದ್ದು ನನ್ನಿಂದಲ್ಲ. ಎಣ್ಣೆ ಬಿಡದೆ ಓಡಿಸಿರಬೇಕು. ಆದರೆ ನೀನು ಹಾಗಂತ ನಂಬಿದ್ದೀಯ. ನಂಬು. ದಿನಾ ಗಿರಣಿಯ ಬಾಗಿಲು ತೆಗೆಯುವಾಗ ನಂಬು, ಬೇಳೆ ಚೀಲ ಎಣಿಸುವಾಗ ನಂಬು. ನಿನ್ನ ಆ ಭಯವನ್ನು ನಾನು ತೆಗೆಯುವುದಿಲ್ಲ. ಅದು ನನಗೆ ಬೇಕು.

ಆಪರೇಷನ್ ಆದ ಮರುದಿನ, ತೆಗೆದದ್ದನ್ನು ಒಮ್ಮೆ ತೋರಿಸಿರಿ ಎಂದು ನಾನು ಅತ್ತಿದ್ದೆ. “ಅದನ್ನೇನು ನೋಡ್ತಿ, ಒಗದಾರ” ಎಂದಿದ್ದೆ ನೀನು. ಎಲ್ಲಿ ಒಗೆದರು ಎಂದು ಹೋಗಿ ಕೇಳು. ಹುಡುಕು. ತಾಯಿಯನ್ನೂ ಕರೆದುಕೊಂಡು ಹೋಗು. ನನ್ನ ಗರ್ಭಚೀಲ ತಂದು ನನ್ನ ಕೈಯಲ್ಲಿ ಇಟ್ಟ ದಿನ ನನ್ನ ಸೋಮವಾರಗಳನ್ನು ನಿನ್ನ ಕೈಯಲ್ಲಿ ಇಡುತ್ತೇನೆ.

ಪ್ರೇಮಲಾ